ಶಂಕರಪೋಳಿ ಗುರುತು, ಸಡಿಲ ಕೊಕ್ಕೆ: ಅಳತೆ ಟೇಪಿನ ಬಗ್ಗೆ ಓದುಗರ ಪ್ರಶ್ನೆಗಳು

ಈ ತಿಂಗಳು ಬಂದ ಪತ್ರಗಳಲ್ಲಿ ಆರು ಪತ್ರಗಳು ಅಳತೆ ಟೇಪಿಗೇ ಸಂಬಂಧಿಸಿವೆ. ಒಂದರ ಉತ್ತರ ಇನ್ನೊಂದಕ್ಕೂ ನೆರವಾಗುವುದರಿಂದ ಅವನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಗುರುಗಳಿಗೆ ನಮಸ್ಕಾರ. ನಾನು ಹಳೇ ಹುಬ್ಬಳ್ಳಿಯಲ್ಲಿ ಫರ್ನಿಚರ್ ಕೆಲಸ ಮಾಡುವ ಬಡಿಗ. ಮೊನ್ನೆ ಪೇಟೆಯಲ್ಲಿ 8 ಮೀಟರಿನ ಹೊಸ ಟೇಪು ಕೊಂಡೆ. ಅದರ ಇಂಚಿನ ಬದಿಯಲ್ಲಿ 16, 32, 48 ಎಂಬ ಅಂಕಿಗಳು ಕೆಂಪು ಚೌಕದೊಳಗೆ ಇವೆ. ಅದಲ್ಲದೆ 19 ಇಂಚು ದಾಟಿದ ಮೇಲೆ ಶಂಕರಪೋಳಿಯ ತುಂಡಿನ ಆಕಾರದ ಒಂದು ಸಣ್ಣ ಕರಿ ಗುರುತು ಇದೆ. ಅದು ಯಾವ ಗೆರೆಯ ಮೇಲೂ ಸರಿಯಾಗಿ ಕೂತಿಲ್ಲ. 38 ಇಂಚು ದಾಟಿದ ಮೇಲೆ ಅಂಥದೇ ಮತ್ತೊಂದು ಇದೆ. ನಮ್ಮ ಮೇಸ್ತ್ರಿಗಳು ಅದನ್ನು ಅಚ್ಚಿನ ತಪ್ಪು ಎನ್ನುತ್ತಾರೆ, ಅಂಗಡಿಯವರು ವಾಸ್ತುವಿನ ಅಳತೆ ಎನ್ನುತ್ತಾರೆ. ಯಾವುದು ಖರೆ?

ಉತ್ತರ: ಅದು ಅಚ್ಚಿನ ತಪ್ಪಲ್ಲ, ವಾಸ್ತುವಿನ ಅಳತೆಯೂ ಅಲ್ಲ. ಎಂಟು ಅಡಿಯನ್ನು ಐದು ಸಮಭಾಗ ಮಾಡಿದಾಗ ಸಿಗುವ ಅಳತೆ ಅದು. ಎಂಟು ಅಡಿಗೆ 96 ಇಂಚು. ಅದನ್ನು ಐದರಿಂದ ಭಾಗಿಸಿದರೆ 19.2 ಇಂಚು ಬರುತ್ತದೆ. ನಿಮ್ಮ ಟೇಪನ್ನು ಎಂಟು ಅಡಿಯವರೆಗೆ ಎಳೆದು ನೆಲದ ಮೇಲೆ ಹಾಸಿ ನೋಡಿ. ಕರಿ ಗುರುತುಗಳು 19.2, 38.4, 57.6 ಮತ್ತು 76.8 ಇಂಚುಗಳಲ್ಲಿ ಬಂದು, ಐದನೆಯದು ಸರಿಯಾಗಿ 96ರ ಮೇಲೆ ಕೂರುತ್ತದೆ. ಕೆಂಪು ಚೌಕಗಳು ಹದಿನಾರರ ಮಗ್ಗಿಯಂತೆ ಸಾಗಿ, ಆರನೆಯದು ಅದೇ 96ಕ್ಕೆ ಬಂದು ಸೇರುತ್ತದೆ. ಅಲ್ಲಿ ಕೆಂಪು ಚೌಕವೂ ಕರಿ ಗುರುತೂ ಒಟ್ಟಿಗೆ ಇರುವುದನ್ನು ಕಂಡರೆ ಲೆಕ್ಕದ ಗುಟ್ಟು ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ಎಂಟು ಅಡಿಯೇ ಏಕೆ ಎಂದರೆ, ಈ ಗುರುತುಗಳು ಹುಟ್ಟಿದ್ದು ಅಮೆರಿಕದ ಮನೆ ಕಟ್ಟುವ ಬಡಿಗರಿಗಾಗಿ. ಅಲ್ಲಿಯ ಹೆಚ್ಚಿನ ಮನೆಗಳಿಗೆ ಕಟ್ಟಿಗೆಯ ಅಸ್ಥಿಪಂಜರವಿರುತ್ತದೆ. ಅದರ ಮೇಲೆ ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಹಲಗೆಗಳನ್ನು ಹೊದಿಸುತ್ತಾರೆ. ಗೋಡೆಯೊಳಗಿನ ನಿಲುವು ಕಟ್ಟಿಗೆಗಳನ್ನು ಸಾಮಾನ್ಯವಾಗಿ 16 ಇಂಚಿಗೊಂದರಂತೆ ನಿಲ್ಲಿಸುವುದರಿಂದ ಕೆಂಪು ಚೌಕ ಅವರಿಗೆ ದಿನನಿತ್ಯದ ಗುರುತು. ನೆಲದ ಕೆಳಗೆ ಅಡ್ಡಲಾಗಿ ಹಾಯುವ ಕಟ್ಟಿಗೆಗಳನ್ನು ನಮ್ಮ ಹಳೆಯ ಮಣ್ಣಿನ ಮಾಳಿಗೆಯ ಜಂತಿಗಳಿಗೆ ಹೋಲಿಸಬಹುದು. ಹಲಗೆಯ ತುದಿ ಯಾವಾಗಲೂ ಒಂದು ಜಂತಿಯ ಅಗಲದ ನಟ್ಟನಡುವೆ ಮುಗಿಯಬೇಕು. ಹಾಗಾದರೆ ಮಾತ್ರ ಉಳಿದ ಅರ್ಧ ಅಗಲದ ಮೇಲೆ ಮುಂದಿನ ಹಲಗೆ ಕೂತು ಮೊಳೆ ಹಿಡಿಯುತ್ತದೆ. ತುದಿ ಗಾಳಿಯಲ್ಲಿ ತೂಗಿದರೆ, ಮೇಲೆ ಕಾಲಿಟ್ಟಾಗ ಆ ಸಂದು ಬಾಗುತ್ತದೆ. ಆದ್ದರಿಂದ ಜಂತಿಗಳ ನಡುವಿನ ಅಂತರ ಎಷ್ಟೇ ಇರಲಿ, ಅದು ಎಂಟು ಅಡಿಯನ್ನು ಶೇಷವಿಲ್ಲದೆ ಭಾಗಿಸುವಂತಿರಬೇಕು. ಹದಿನಾರು ಇಂಚಿನಂತೆ ಹಾಕಿದರೆ ಎಂಟು ಅಡಿಗೆ ಆರು ಅಂಕಣ, ಇಪ್ಪತ್ನಾಲ್ಕು ಇಂಚಿನಂತೆ ಹಾಕಿದರೆ ನಾಲ್ಕು ಅಂಕಣ. ಆರು ಅಂಕಣಕ್ಕೆ ಕಟ್ಟಿಗೆ ಹೆಚ್ಚು ಬೇಕು, ನಾಲ್ಕಕ್ಕೆ ನೆಲ ಕುಲುಕುವ ಭಯ. ನಡುವೆ ಉಳಿದದ್ದು ಐದು ಅಂಕಣ, ಅದರ ಅಂತರವೇ 19.2. ಇಂಗ್ಲಿಷಿನ ಐ ಅಕ್ಷರದ ಆಕಾರದಲ್ಲಿ ಕಾರ್ಖಾನೆಯಲ್ಲಿ ಅಂಟಿಸಿ ಮಾಡಿದ, ಗಟ್ಟಿಯೂ ಹಗುರವೂ ಆದ ಜಂತಿಗಳಿಗೆ ಈ ಅಂತರ ಚೆನ್ನಾಗಿ ಹೊಂದುತ್ತದೆ.

ಗುರುತು ಯಾವ ಗೆರೆಯ ಮೇಲೂ ಕೂತಿಲ್ಲ ಎಂದು ನೀವು ಗಮನಿಸಿದ್ದು ಬಹಳ ಸೂಕ್ಷ್ಮವಾದ ಮಾತು. ಟೇಪಿನಲ್ಲಿ ಇಂಚನ್ನು ಹದಿನಾರು ಭಾಗ ಮಾಡಿರುತ್ತಾರೆ. ಇಂಚಿನ ಹತ್ತನೇ ಎರಡು ಭಾಗವೆಂದರೆ ಆ ಹದಿನಾರರಲ್ಲಿ ಮೂರು ಗೆರೆ ಮತ್ತು ಸ್ವಲ್ಪ ಹೆಚ್ಚು. ಹೀಗಾಗಿ ಮೊದಲ ಗುರುತು 19 ಇಂಚಿನ ನಂತರದ ಮೂರನೇ ಗೆರೆಯನ್ನು ಕೂದಲೆಳೆಯಷ್ಟು ದಾಟಿ ನಿಲ್ಲುತ್ತದೆ. ಇದನ್ನು ಮೂರನೇ ಗೆರೆಯೆಂದೇ ಹಿಡಿದು, ಒಂದೊಂದೇ ಅಂಕಣವನ್ನು ಬಿಡಿಯಾಗಿ ಐದು ಸಲ ಅಳೆದರೆ ಎಂಟು ಅಡಿಗೆ ಇಂಚಿನ ಹದಿನಾರನೇ ಒಂದು ಭಾಗ ಕಡಿಮೆ ಬೀಳುತ್ತದೆ. ಅದೇ 19 ಕಾಲು ಎಂದು ಹಿಡಿದರೆ ಎಂಟು ಅಡಿಯ ಕೊನೆಗೆ ಕಾಲು ಇಂಚು ಮುಂದೆ ಹೋಗಿರುತ್ತೀರಿ. ಇಪ್ಪತ್ನಾಲ್ಕು ಅಡಿಯ ಕೊನೆಗೆ ಮುಕ್ಕಾಲು ಇಂಚು, ಅಂದರೆ ಹಲಗೆಯ ತುದಿ ಜಂತಿಯಿಂದ ಜಾರಿ ಕೆಳಗಿಳಿಯುವಷ್ಟು. ಟೇಪಿನ ಮೇಲೆ ಗುರುತನ್ನೇ ಅಚ್ಚು ಹಾಕಿರುವುದಕ್ಕೆ ಇದೇ ಕಾರಣ. ಕೊಕ್ಕೆಯನ್ನು ಒಂದು ತುದಿಗೆ ಸಿಕ್ಕಿಸಿ, ಒಂದೇ ಎಳೆತದಲ್ಲಿ, ಕಂಡ ಕಂಡ ಗುರುತಿಗೆ ಪೆನ್ಸಿಲ್ ಗೀಟು ಹಾಕುತ್ತ ಹೋದರೆ ತಪ್ಪು ಕೂಡಿಕೊಳ್ಳುವ ಪ್ರಶ್ನೆಯೇ ಬರುವುದಿಲ್ಲ.

ನಿಮಗೆ ಇದರ ಉಪಯೋಗವುಂಟೇ ಎಂದು ನೀವು ಕೇಳಿಲ್ಲ, ಆದರೂ ಹೇಳಬೇಕೆನಿಸುತ್ತದೆ. ನಮ್ಮ ಮನೆಗಳು ಕಲ್ಲು, ಇಟ್ಟಿಗೆ ಮತ್ತು ಕಾಂಕ್ರೀಟಿನವು. ಗೋಡೆಯ ಹೊಟ್ಟೆಯಲ್ಲಿ ಕಟ್ಟಿಗೆ ನಿಲ್ಲಿಸುವ ರೂಢಿ ನಮಗಿಲ್ಲ. ಫಾಲ್ಸ್ ಸೀಲಿಂಗ್ ಮಾಡುವವರಿಗೂ ಈ ಗುರುತು ಒದಗುವುದಿಲ್ಲ, ಏಕೆಂದರೆ ನಮ್ಮಲ್ಲಿ ಹೆಚ್ಚಾಗಿ ಸಿಗುವ ಜಿಪ್ಸಮ್ ಹಲಗೆ ಆರು ಅಡಿಗೆ ನಾಲ್ಕು ಅಡಿ. ಆರು ಅಡಿಯನ್ನು ನಾಲ್ಕು ಭಾಗ ಮಾಡಿ 18 ಇಂಚಿಗೆ, ಎಂದರೆ 457 ಮಿಲಿಮೀಟರಿಗೆ ಒಂದರಂತೆ ಲೋಹದ ಪಟ್ಟಿ ಕಟ್ಟುವುದೇ ಅಲ್ಲಿಯ ಲೆಕ್ಕ. ಆದರೆ ನೀವು ಪ್ಲೈವುಡ್‌ನವರು. ನಿಮ್ಮ ಪ್ಲೈವುಡ್ ಎಂಟು ಅಡಿಗೆ ನಾಲ್ಕು ಅಡಿಯದೇ. ಗೋಡೆಗೆ ಪ್ಯಾನೆಲ್ ಹೊಡೆಯುವಾಗ ಹಿಂದೆ ಕಟ್ಟಿಗೆಯ ಅಡ್ಡಪಟ್ಟಿಗಳನ್ನು ಕೂರಿಸುತ್ತೀರಲ್ಲ, ತೆಳು ಹಲಗೆಯಾದರೆ ಕೆಂಪು ಚೌಕಕ್ಕೂ, 12 ಅಥವಾ 18 ಮಿಲಿಮೀಟರಿನ ದಪ್ಪ ಹಲಗೆಯಾದರೆ ಕರಿ ಗುರುತಿಗೂ ಪಟ್ಟಿ ಹೊಡೆಯಿರಿ. ಪಟ್ಟಿಯ ಅಂಚನ್ನಲ್ಲ, ಅದರ ಅಗಲದ ನಡುವನ್ನು ಗುರುತಿಗೆ ಸೇರಿಸಿ. ಹಲಗೆಯ ಸಂದು ತಾನಾಗಿಯೇ ಪಟ್ಟಿಯ ಮೇಲೆ ಬೀಳುತ್ತದೆ.

ಪ್ರಶ್ನೆ: ನಮ್ಮ ತಂದೆಯವರ ಬಳಿ ಒಂದು ಟೇಪು ಇದೆ. ಅದರಲ್ಲಿ ಸೆಂಟಿಮೀಟರಿನ ಗೆರೆಗಳ ಜೊತೆಗೆ ಎರಡು ಸಾಲುಗಳಲ್ಲಿ ಚೀನೀ ಅಕ್ಷರಗಳಿವೆ, ಕೆಲವು ಕೆಂಪು, ಕೆಲವು ಕಪ್ಪು. ಇದೂ ಹಲಗೆ ಭಾಗ ಮಾಡುವ ಗುರುತೇ? (ಗದಗಿನ ಓದುಗರು)

ಉತ್ತರ: ಅಲ್ಲ. ಮೇಲಿನ ಪತ್ರದ ಅಂಗಡಿಯವರು ವಾಸ್ತು ಎಂದದ್ದು ಬಹುಶಃ ಇಂಥದೊಂದು ಟೇಪನ್ನು ಎಂದೋ ಕಂಡಿದ್ದರಿಂದ ಇರಬಹುದು. ಚೀನಾದ ಬಡಿಗರು ತಮ್ಮ ಕಸುಬಿನ ಮೂಲಪುರುಷನೆಂದು ಪೂಜಿಸುವ ಲು ಬಾನ್‌ನ ಹೆಸರಿನ ಅಳತೆಗೋಲು ಅದು. ಮೇಲಿನ ಸಾಲು ಸುಮಾರು 42.9 ಸೆಂಟಿಮೀಟರಿಗೆ ಒಂದು ಸುತ್ತು ಮುಗಿಸಿ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ, ಒಂದು ಸುತ್ತಿನಲ್ಲಿ ಎಂಟು ಮನೆಗಳು, ಎಂದರೆ ಎಂಟು ಭಾಗಗಳು. ಬಾಗಿಲು, ಕಿಟಕಿ, ಮೇಜುಗಳ ಅಳತೆ ಕೆಂಪು ಅಕ್ಷರದ ಮನೆಯಲ್ಲಿ ಬಿದ್ದರೆ ಶುಭ, ಕಪ್ಪಿನಲ್ಲಿ ಬಿದ್ದರೆ ಅಶುಭ ಎಂಬುದು ಅವರ ನಂಬಿಕೆ. ಕೆಳಗಿನ ಸಾಲು ಸುಮಾರು 38.8 ಸೆಂಟಿಮೀಟರಿನದು, ಹತ್ತು ಮನೆಗಳದು. ಅದನ್ನು ಸಮಾಧಿ ಮತ್ತು ಪಿತೃಪೂಜೆಯ ಪೀಠಗಳಿಗೆ ಬಳಸುತ್ತಾರೆ.

ನಮ್ಮಲ್ಲಿಯೂ ಮನೆಯ ಆಯ ನೋಡುವ ಪದ್ಧತಿಯಿದೆ. ಕ್ಷೇತ್ರಫಲದ ಲೆಕ್ಕವನ್ನು ಎಂಟರಿಂದ ಭಾಗಿಸಿ, ಉಳಿದ ಶೇಷದಿಂದ ಧ್ವಜ, ಧೂಮ, ಸಿಂಹ, ಶ್ವಾನ, ವೃಷಭ, ಖರ, ಗಜ, ಕಾಕ ಎಂಬ ಎಂಟು ಆಯಗಳಲ್ಲಿ ಒಂದನ್ನು ಹೇಳುತ್ತಾರೆ. ಧ್ವಜ, ಸಿಂಹ, ವೃಷಭ, ಗಜ ಎಂಬ ಬೆಸಸಂಖ್ಯೆಯ ಆಯಗಳು ಒಳ್ಳೆಯವು ಎನ್ನುತ್ತಾರೆ. ಎರಡು ದೇಶಗಳಲ್ಲಿಯೂ ಎಂಟೇ ಬಂದಿರುವುದು ಕುತೂಹಲದ ಸಂಗತಿ. ಆದರೆ ಚೀನೀ ಟೇಪಿನ ಕೆಂಪು ಅಕ್ಷರಕ್ಕೂ ನಮ್ಮ ಆಯಕ್ಕೂ ಹೊಂದಿಕೆಯಿಲ್ಲ. ಅದು ಉದ್ದವನ್ನು ನೋಡುತ್ತದೆ, ನಮ್ಮದು ವಿಸ್ತೀರ್ಣವನ್ನು ನೋಡುತ್ತದೆ. ತಂದೆಯವರು ಆಯ ನೋಡುವವರಾದರೆ ಈ ಟೇಪಿನ ಸೆಂಟಿಮೀಟರನ್ನು ಮಾತ್ರ ಬಳಸಲಿ.

ಪ್ರಶ್ನೆ: ನಾನು ಕೊಂಡ ಟೇಪಿನ ಮುಂದಿನ ಕೊಕ್ಕೆ ಹೊಸದರಲ್ಲಿಯೇ ಸಡಿಲವಾಗಿತ್ತು, ಹಿಂದೆ ಮುಂದೆ ಅಲ್ಲಾಡುತ್ತಿತ್ತು. ಕೆಟ್ಟ ಮಾಲು ಕೊಟ್ಟರೆಂದು ತಿಳಿದು, ರಿವೆಟ್ಟುಗಳನ್ನು ಸುತ್ತಿಗೆಯಿಂದ ಬಡಿದು ಬಿಗಿ ಮಾಡಿದೆ. ಈಗ ಗೆಳೆಯನೊಬ್ಬ ಟೇಪು ಹಾಳಾಯಿತು ಎನ್ನುತ್ತಾನೆ. ನಿಜವೇ? (ರಾಣೆಬೆನ್ನೂರಿನ ಓದುಗರು)

ಉತ್ತರ: ನಿಮ್ಮ ಗೆಳೆಯರ ಮಾತು ನಿಜ. ಆ ಸಡಿಲವನ್ನು ಟೇಪು ಮಾಡಿದವರು ಬೇಕೆಂದೇ ಇಟ್ಟಿರುತ್ತಾರೆ. ನಿಮ್ಮದು ಉದ್ದೇಶ ತಿಳಿಯದೆ ಆದ ತಪ್ಪು, ಮತ್ತು ಬಹಳ ಜನ ಮಾಡುವ ತಪ್ಪು.

ಟೇಪಿನಿಂದ ಎರಡು ಬಗೆಯಲ್ಲಿ ಅಳೆಯುತ್ತೇವೆ. ಹಲಗೆಯ ತುದಿಗೆ ಕೊಕ್ಕೆ ಸಿಕ್ಕಿಸಿ ಎಳೆಯುವುದು ಒಂದು ಬಗೆ. ಬಾಗಿಲ ಚೌಕಟ್ಟಿನೊಳಗೆ ಅಥವಾ ಕಪಾಟಿನೊಳಗೆ ಕೊಕ್ಕೆಯನ್ನು ಗೋಡೆಗೆ ಒತ್ತಿ ಹಿಡಿಯುವುದು ಇನ್ನೊಂದು ಬಗೆ. ಸಿಕ್ಕಿಸಿ ಎಳೆದಾಗ ಅಳತೆ ಆರಂಭವಾಗುವುದು ಕೊಕ್ಕೆಯ ಒಳಮೈಯಿಂದ. ಒತ್ತಿ ಹಿಡಿದಾಗ ಅದರ ಹೊರಮೈಯಿಂದ. ಈ ಎರಡರ ನಡುವೆ ಕೊಕ್ಕೆಯ ತಗಡಿನ ದಪ್ಪದಷ್ಟು, ಎಂದರೆ ಸುಮಾರು ಒಂದು ಮಿಲಿಮೀಟರಿನಷ್ಟು ವ್ಯತ್ಯಾಸ ಬರುತ್ತದೆ. ಆ ವ್ಯತ್ಯಾಸವನ್ನು ತುಂಬುವುದಕ್ಕಾಗಿಯೇ ರಿವೆಟ್ಟಿನ ತೂತುಗಳನ್ನು ಗುಂಡಗೆ ಕೊರೆಯದೆ ಉದ್ದಕ್ಕೆ ಕೊರೆದಿರುತ್ತಾರೆ. ಎಳೆದಾಗ ಕೊಕ್ಕೆ ತನ್ನ ದಪ್ಪದಷ್ಟೇ ಹೊರಗೆ ಸರಿಯುತ್ತದೆ, ಒತ್ತಿದಾಗ ಅಷ್ಟೇ ಒಳಗೆ ಸರಿಯುತ್ತದೆ. ಎರಡು ಸಂದರ್ಭದಲ್ಲಿಯೂ ಸೊನ್ನೆ ಸೊನ್ನೆಯಾಗಿಯೇ ಉಳಿಯುತ್ತದೆ. ಇಷ್ಟು ಸರಳವಾದ ಏರ್ಪಾಟು ಇಷ್ಟು ಕರಾರುವಾಕ್ಕಾಗಿ ಕೆಲಸ ಮಾಡುವುದನ್ನು ಕಂಡಾಗಲೆಲ್ಲ ನನಗೆ ಅದನ್ನು ಯೋಚಿಸಿದವರ ಮೇಲೆ ಗೌರವ ಹೆಚ್ಚುತ್ತದೆ.

ನಾನು ಬಡಿಗತನ ಕಲಿಸುತ್ತಿದ್ದ ದಿನಗಳ ಒಂದು ಅನುಭವವನ್ನು ಹೇಳುತ್ತೇನೆ. ಹುಡುಗರು ಒಂದು ಕಚೇರಿಗಾಗಿ ಆರು ಡ್ರಾಯರುಗಳ ಮೇಜು ಮಾಡಿದ್ದರು. ಆರೂ ಡ್ರಾಯರುಗಳು ಚಾನೆಲ್ಲಿನ, ಎಂದರೆ ಡ್ರಾಯರು ಜಾರುವ ಲೋಹದ ಹಳಿಯ ಮೇಲೆ ಸಡಿಲಾಗಿ ಓಡುತ್ತಿದ್ದವು. ಮುಚ್ಚಿದರೆ ಒಂದು ಕಡೆ ವಾಲುತ್ತಿದ್ದವು. ಎಲ್ಲ ಅಳತೆ ಸರಿಯಿದೆಯೆಂದು ಹುಡುಗರು ಟೇಪು ಹಿಡಿದು ತೋರಿಸಿದರು. ಟೇಪಿನ ಪ್ರಕಾರ ಸರಿಯಾಗಿಯೇ ಇತ್ತು. ಕೊನೆಗೆ ಉಕ್ಕಿನ ಸ್ಕೇಲು ತಂದು ಅಡ್ಡ ಹಲಗೆಯನ್ನು ಅಳೆದಾಗ ಪ್ರತಿಯೊಂದೂ ಒಂದು ಮಿಲಿಮೀಟರು ಗಿಡ್ಡವಾಗಿತ್ತು. ಟೇಪಿನ ಕೊಕ್ಕೆಯನ್ನು ಯಾರೋ ಒಳಗೆ ಸರಿದ ಸ್ಥಿತಿಯಲ್ಲಿಯೇ ಬಡಿದು ಕೂರಿಸಿದ್ದರು. ಕಪಾಟಿನ ಒಳಗಿನ ಅಳತೆ ಒತ್ತಿ ಹಿಡಿದಾಗ ಸರಿಯಾಗಿ ಬಂದಿತ್ತು, ಹಲಗೆಯನ್ನು ಸಿಕ್ಕಿಸಿ ಎಳೆದಾಗ ಮಾತ್ರ ಟೇಪು ಒಂದು ಮಿಲಿಮೀಟರು ಹೆಚ್ಚು ತೋರಿಸಿತ್ತು. ಹೀಗಾಗಿ ಕೊಯ್ದ ಹಲಗೆಗಳೆಲ್ಲ ಗಿಡ್ಡವಾದವು. ಆರೂ ಚಾನೆಲ್ಲಿನ ಹಿಂದೆ ರಟ್ಟಿನ ತುಂಡು ಕೂರಿಸಿ ಮೇಜನ್ನು ಕಳಿಸಬೇಕಾಯಿತು, ಆ ರಟ್ಟಿನ ನೆನಪು ಇಂದಿಗೂ ನನ್ನನ್ನು ಚುಚ್ಚುತ್ತದೆ. ಕೊಕ್ಕೆ ಹೊರಗೆ ಸರಿದ ಸ್ಥಿತಿಯಲ್ಲಿ ಬಿಗಿಯಾಗಿದ್ದರೆ ಇದಕ್ಕೆ ತಿರುಗುಮುರುಗು: ಎಳೆದ ಅಳತೆ ಸರಿ, ಒತ್ತಿದ ಅಳತೆ ಒಂದು ಮಿಲಿಮೀಟರು ಕಡಿಮೆ.

ನಿಮ್ಮ ಟೇಪನ್ನು ಮನೆಯಲ್ಲಿಯೇ ಪರೀಕ್ಷಿಸಿಕೊಳ್ಳಬಹುದು. ಒಂದು ಹಲಗೆಯ ತುದಿಗೆ ಕೊಕ್ಕೆ ಸಿಕ್ಕಿಸಿ 300 ಮಿಲಿಮೀಟರಿಗೆ ಚೂಪು ಪೆನ್ಸಿಲಿನಿಂದ ಗೆರೆ ಎಳೆಯಿರಿ. ಅದೇ ತುದಿಗೆ ಒಂದು ಕಬ್ಬಿಣದ ತುಂಡನ್ನು ಆನಿಸಿಟ್ಟು, ಕೊಕ್ಕೆಯನ್ನು ಅದಕ್ಕೆ ಒತ್ತಿ ಹಿಡಿದು ಮತ್ತೆ 300ಕ್ಕೆ ಗೆರೆ ಎಳೆಯಿರಿ. ಎರಡು ಗೆರೆಗಳು ಒಂದೇ ಆಗಿ ಕಂಡರೆ ಟೇಪು ಬದುಕಿದೆ. ಎರಡಾಗಿ ಕಂಡರೆ ಬೇರೆ ಟೇಪು ಕೊಳ್ಳಿರಿ. ಅಲ್ಲಿಯವರೆಗೆ ಕೊಕ್ಕೆಯನ್ನು ಬಿಟ್ಟು, 10 ಸೆಂಟಿಮೀಟರಿನ ಗೆರೆಯನ್ನು ಹಲಗೆಯ ತುದಿಗೆ ಹಿಡಿದು ಅಳೆದು, ಬಂದದ್ದರಲ್ಲಿ 10 ಸೆಂಟಿಮೀಟರು ಕಳೆಯಬಹುದು. ಕಳೆಯಲು ಮರೆತರೆ ಹಲಗೆ ಪೂರಾ ಹತ್ತು ಸೆಂಟಿಮೀಟರು ತಪ್ಪುತ್ತದೆ ಎಂಬುದೊಂದೇ ಅದರ ಅಪಾಯ.

ಕೊಕ್ಕೆಯ ನಡುವಿನ ಸೀಳು ಮೊಳೆಯ ತಲೆಗೆ ಸಿಕ್ಕಿಸಲು. ಇನ್ನೊಬ್ಬರ ಸಹಾಯವಿಲ್ಲದೆ ಅಳೆಯಬಹುದು, ಮೊಳೆಯನ್ನು ನಡುವಾಗಿಟ್ಟು ಕಮಾನಿನ ಗೆರೆಯನ್ನೂ ಎಳೆಯಬಹುದು. ಕೆಲವು ಕೊಕ್ಕೆಗಳ ತುದಿಯಲ್ಲಿರುವ ಹಲ್ಲುಗಳು ಪೆನ್ಸಿಲು ಕೈಯಲ್ಲಿಲ್ಲದಾಗ ಕಟ್ಟಿಗೆಯ ಮೇಲೆ ಗೀರಲು. ಟೇಪಿನ ಡಬ್ಬಿಯ ಮೇಲೆ ಎಲ್ಲಾದರೂ ಕೂಡಿಸುವ ಚಿಹ್ನೆಯೊಂದಿಗೆ ಒಂದು ಅಳತೆ ಬರೆದಿದ್ದರೆ ಅದು ಡಬ್ಬಿಯ ಉದ್ದ. ಕಪಾಟಿನೊಳಗೆ ಪಟ್ಟಿಯನ್ನು ಮೂಲೆಯಲ್ಲಿ ಬಗ್ಗಿಸಿ ಅಂದಾಜು ಮಾಡುವ ಬದಲು ಡಬ್ಬಿಯ ಬೆನ್ನನ್ನು ಎದುರು ಗೋಡೆಗೆ ಆನಿಸಿ, ಡಬ್ಬಿಯ ಬಾಯಿಯಲ್ಲಿ ಕಾಣುವ ಅಳತೆಗೆ ಅದನ್ನು ಕೂಡಿಸಬೇಕು. ಟೇಪಿನಿಂದ ಟೇಪಿಗೆ ಈ ಅಂಕಿ ಬೇರೆಯಾಗುತ್ತದೆ, ಆದ್ದರಿಂದ ಒಂದರ ಅಂಕಿಯನ್ನು ಇನ್ನೊಂದಕ್ಕೆ ಬಾಯಿಪಾಠ ಮಾಡಿಕೊಳ್ಳಬೇಡಿ.

ಪ್ರಶ್ನೆ: ಟೇಪಿನ ಪಟ್ಟಿಯ ಆರಂಭದಲ್ಲಿ ಮೊಟ್ಟೆಯಾಕಾರದ ಗೆರೆಯೊಳಗೆ ಎರಡು ನಿಲುಗೆರೆಗಳು, ಪಕ್ಕದಲ್ಲಿ 20 ಡಿಗ್ರಿ ಎಂದೂ, 30 ಮೀಟರಿನ ಟೇಪಿನಲ್ಲಿ 50 ಎನ್ ಎಂದೂ ಇದೆ. ಇವು ಏನು? (ಧಾರವಾಡದ ಸಿವಿಲ್ ವಿದ್ಯಾರ್ಥಿ)

ಉತ್ತರ: ಟೇಪಿನ ಮೇಲಿನ ಎಲ್ಲ ಗುರುತುಗಳಲ್ಲಿ ಕೊಳ್ಳುವ ಮೊದಲು ನೋಡಬೇಕಾದದ್ದು ಇದೊಂದೇ, ಆದರೆ ಜನ ಕಡೆಗಣಿಸುವುದೂ ಇದನ್ನೇ. ಆ ನಿಲುಗೆರೆಗಳು ರೋಮನ್ ಅಂಕಿಯ ಎರಡು. ಟೇಪು ಎರಡನೇ ದರ್ಜೆಯ ನಿಖರತೆಯದು ಎಂದು ಅರ್ಥ. ಒಂದು, ಎರಡು, ಮೂರು ಎಂದು ದರ್ಜೆಗಳಿವೆ. ಎರಡನೇ ದರ್ಜೆಯ ಟೇಪಿಗೆ 0.3 ಮಿಲಿಮೀಟರು, ಅದರ ಮೇಲೆ ಪ್ರತಿ ಮೀಟರಿಗೆ 0.2 ಮಿಲಿಮೀಟರಿನಂತೆ ಹೆಚ್ಚು ಅಥವಾ ಕಡಿಮೆ ತಪ್ಪಲು ಅವಕಾಶವಿದೆ. ಲೆಕ್ಕ ಹಾಕಿದರೆ 5 ಮೀಟರಿಗೆ 1.3 ಮಿಲಿಮೀಟರು. ಅದೇ 5 ಮೀಟರಿಗೆ ಒಂದನೇ ದರ್ಜೆಯಲ್ಲಿ 0.6 ಮಿಲಿಮೀಟರು, ಮೂರನೇ ದರ್ಜೆಯಲ್ಲಿ 2.6 ಮಿಲಿಮೀಟರು. ಯಾವ ದರ್ಜೆಯನ್ನೂ ಬರೆಯದ ಟೇಪು ಈ ಮಿತಿಗಳಿಗೆ ಬದ್ಧವಾಗಿದೆಯೆಂದು ನಂಬಲು ನಿಮಗೆ ಯಾವ ಆಧಾರವೂ ಇರುವುದಿಲ್ಲ. ಯುರೋಪಿನ ನಿಯಮದ ಟೇಪುಗಳಲ್ಲಿ ಎಂ ಅಕ್ಷರದ ಪಕ್ಕದಲ್ಲಿ ಎರಡು ಅಂಕಿಗಳಿರುತ್ತವೆ. ಅವು ಆ ಮುದ್ರೆ ಹಾಕಿದ ವರ್ಷದ ಕೊನೆಯ ಅಂಕಿಗಳು.

ಇಪ್ಪತ್ತು ಡಿಗ್ರಿ ಎಂದರೆ ಆ ಉಷ್ಣತೆಯಲ್ಲಿ ಟೇಪಿನ ಅಳತೆ ಸರಿಯಾಗಿರುತ್ತದೆ ಎಂದು. ಉಕ್ಕು ಕಾದಂತೆ ಹಿಗ್ಗುತ್ತದೆ. ಒಂದು ಮೀಟರು ಉಕ್ಕು ಒಂದು ಡಿಗ್ರಿಗೆ ಸುಮಾರು 0.0115 ಮಿಲಿಮೀಟರು ಹಿಗ್ಗುತ್ತದೆ. ಕೇಳಲು ಏನೂ ಅಲ್ಲ. ಆದರೆ ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ಧಾರವಾಡದ ಬಯಲಿನ ಪ್ಲಾಟೊಂದರಲ್ಲಿ ಬಿಸಿಲಿಗೆ ಬಿದ್ದ ಟೇಪು 40 ಡಿಗ್ರಿಗೆ ಕಾದಿದೆ ಎಂದುಕೊಳ್ಳಿ: 30 ಮೀಟರು, 20 ಡಿಗ್ರಿ ಹೆಚ್ಚಳ, ಎಲ್ಲವನ್ನೂ ಗುಣಿಸಿದರೆ 6.9 ಮಿಲಿಮೀಟರು. ಎರಡನೇ ದರ್ಜೆಯ 30 ಮೀಟರಿನ ಟೇಪಿಗೆ ನಿಯಮ ಕೊಟ್ಟಿರುವ ಸಡಿಲು 6.3 ಮಿಲಿಮೀಟರು ಮಾತ್ರ. ಬಿಸಿಲೊಂದೇ ಟೇಪಿನ ದೋಷಕ್ಕಿಂತ ಹೆಚ್ಚು ತಪ್ಪಿಸಬಲ್ಲದು ಎಂದಾಯಿತು. ಟೇಪು ಹಿಗ್ಗಿದಾಗ ಅದು ತೋರಿಸುವ ಅಳತೆ ನಿಜಕ್ಕಿಂತ ಕಡಿಮೆಯಿರುತ್ತದೆ ಎಂಬುದನ್ನೂ ನೆನಪಿಡಿ. ಪರೀಕ್ಷೆಯಲ್ಲಿ ಕೂಡಿಸಬೇಕಾದಲ್ಲಿ ಕಳೆಯುವ ವಿದ್ಯಾರ್ಥಿಗಳನ್ನು ನಾನು ಕಂಡಿದ್ದೇನೆ.

50 ಎನ್ ಎಂಬುದು 50 ನ್ಯೂಟನ್ ಎಳೆತ. ಸುಮಾರು ಐದು ಕಿಲೋ ತೂಕವನ್ನು ಕೈಯಲ್ಲಿ ತೂಗಿಬಿಟ್ಟಾಗ ಆಗುವ ಜಗ್ಗಿನಷ್ಟು. ಅದಕ್ಕಿಂತ ಸಡಿಲು ಬಿಟ್ಟರೆ ಟೇಪು ನಡುವೆ ಜೋತುಬಿದ್ದು ಅಳತೆ ಹೆಚ್ಚುತ್ತದೆ, ಇಬ್ಬರು ಸೇರಿ ಹಗ್ಗದಾಟದಂತೆ ಜಗ್ಗಿದರೆ ಪಟ್ಟಿಯೇ ಹಿಗ್ಗುತ್ತದೆ. ನಾರಿನ ಟೇಪಿನಲ್ಲಿ ಈ ಹಿಗ್ಗು ಉಕ್ಕಿನದಕ್ಕಿಂತ ಬಹಳ ಹೆಚ್ಚು. ಜೊತೆಗೆ ಉದ್ದ ಟೇಪಿನ ಸೊನ್ನೆ ಎಲ್ಲಿದೆಯೆಂದು ಮೊದಲು ನೋಡಿಕೊಳ್ಳಿ. ಕೆಲವದರಲ್ಲಿ ಉಂಗುರದ ಹೊರ ಅಂಚೇ ಸೊನ್ನೆ, ಇನ್ನು ಕೆಲವದರಲ್ಲಿ ಪಟ್ಟಿಯ ಮೇಲೆ ಸ್ವಲ್ಪ ಒಳಗೆ ಗೆರೆ ಹಾಕಿರುತ್ತಾರೆ.

ಪ್ರಶ್ನೆ: ನಮ್ಮೂರಿನಲ್ಲಿ 30 ಮೀಟರಿನ ಟೇಪು ಹಿಡಿದು, ಒಂದು ಟೇಪಿನ ಚೌಕಕ್ಕೆ ಒಂಬತ್ತು ಗುಂಟೆ ಎಂದು ಹೊಲ ಅಳೆಯುತ್ತಾರೆ. ಟೇಪಿನಲ್ಲಿ ಗುಂಟೆಯ ಗುರುತು ಇಲ್ಲ. ಈ ಲೆಕ್ಕ ಸರಿಯೇ? (ಸವಣೂರು ತಾಲೂಕಿನ ರೈತರು)

ಉತ್ತರ: ಲೆಕ್ಕ ಹತ್ತಿರದ್ದು, ಆದರೆ ಸರಿಯಲ್ಲ. ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲದ ಜಾಗ, ಎಂದರೆ 1,089 ಚದರ ಅಡಿ. ಅಂಥ ನಲವತ್ತು ಗುಂಟೆಗೆ ಒಂದು ಎಕರೆ. ಮೂರು ಗುಂಟೆಯ ಬದಿ ಸೇರಿದರೆ 99 ಅಡಿ, ಅದು 30.175 ಮೀಟರಾಗುತ್ತದೆ. ನಿಮ್ಮ ಟೇಪು ಅದಕ್ಕೆ ಹದಿನೇಳೂವರೆ ಸೆಂಟಿಮೀಟರು, ಸುಮಾರು ಮುಕ್ಕಾಲು ಗೇಣಿನಷ್ಟು ಕಡಿಮೆ. ಬದಿಯಲ್ಲಿ ಮುಕ್ಕಾಲು ಗೇಣು ಕಡಿಮೆಯಾದರೆ ಏನಾಯಿತು ಎನ್ನಬೇಡಿ: 30 ಮೀಟರಿನ ಚೌಕ 900 ಚದರ ಮೀಟರು, ನಿಜವಾದ ಒಂಬತ್ತು ಗುಂಟೆ 910.5 ಚದರ ಮೀಟರು. ಕೊಳ್ಳುವವರಿಗೆ ಹತ್ತೂವರೆ ಚದರ ಮೀಟರು, ಎಂದರೆ ನೂರ ಹದಿಮೂರು ಚದರ ಅಡಿಯಷ್ಟು ನೆಲ ಹೋಯಿತು. ಗುಂಟೆಯ ಹತ್ತನೇ ಒಂದು ಭಾಗಕ್ಕಿಂತ ಅದು ಹೆಚ್ಚು. ಹೆದ್ದಾರಿಯ ಬದಿಯ ಹೊಲವಾದರೆ ಅಷ್ಟು ನೆಲದ ಬೆಲೆ ಎಷ್ಟೆಂದು ನೀವೇ ಬಲ್ಲಿರಿ. ಟೇಪಿನಲ್ಲಿ ಅಡಿಯ ಅಳತೆಯಿರುವ ಬದಿಯಲ್ಲಿ 33 ಮತ್ತು 66ರ ಗೆರೆಗಳ ಮೇಲೆ ಅಳಿಸದ ಬಣ್ಣದ ಗುರುತು ಹಾಕಿಕೊಂಡು, ಗುಂಟೆಗೊಂದು ಗೂಟ ನೆಟ್ಟು ಅಳೆಯಿರಿ. ಬಾಂದಿನ ವಿಷಯದಲ್ಲಿ ನೆರೆಯವರೊಂದಿಗೆ ತಕರಾರು ಇದ್ದರೆ ಮಾತ್ರ ಯಾವ ಟೇಪನ್ನೂ ನಂಬದೆ ಸರ್ಕಾರಿ ಮೋಜಣಿಗೆ ಅರ್ಜಿ ಕೊಡಿ.

ಪ್ರಶ್ನೆ: ನಾನು ಗೌಂಡಿ. ಟೇಪಿನಲ್ಲಿ 300 ಎಂ.ಎಂ. ಅನ್ನು ಒಂದು ಫೂಟು ಎಂದು ಹಿಡಿಯಬಹುದೇ? ಹಿರಿಯರು ಹೇಳುವ ಸೂತ ಟೇಪಿನಲ್ಲಿ ಎಲ್ಲಿದೆ? (ಕುಂದಗೋಳ)

ಉತ್ತರ: ಅಡಿಗೆ 304.8 ಮಿಲಿಮೀಟರು. 1959ರಲ್ಲಿ ಇಂಗ್ಲಿಷ್ ಮಾತಾಡುವ ಆರು ದೇಶಗಳು ಒಪ್ಪಿ ಇಂಚನ್ನು 25.4 ಮಿಲಿಮೀಟರಿಗೆ ಗಟ್ಟಿ ಮಾಡಿದವು, ಅದರ ಹನ್ನೆರಡರಷ್ಟು ಇದು. ಮುನ್ನೂರೆಂದು ಹಿಡಿದರೆ ಹತ್ತು ಅಡಿಗೆ 48 ಮಿಲಿಮೀಟರು, ಹೆಚ್ಚುಕಡಿಮೆ ಎರಡು ಇಂಚು ತಪ್ಪುತ್ತದೆ. ನಿಮ್ಮ ಪಕ್ಕದ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿಯ ರಾಷ್ಟ್ರಧ್ವಜ ತಯಾರಾಗುತ್ತದೆಯಲ್ಲ, ಅದರ ಅತಿ ದೊಡ್ಡ ಅಳತೆಯನ್ನು ಜನ 21 ಅಡಿಗೆ 14 ಅಡಿ ಎನ್ನುತ್ತಾರೆ. ನಿಯಮದಲ್ಲಿರುವುದು 6,300ಕ್ಕೆ 4,200 ಮಿಲಿಮೀಟರು. ಅಡಿಗೆ ಮುನ್ನೂರರ ಲೆಕ್ಕವೇ ಅದು. ನಿಜವಾದ 21 ಅಡಿ ಇದಕ್ಕಿಂತ 10 ಸೆಂಟಿಮೀಟರು ಉದ್ದ. ಧ್ವಜಕ್ಕೆ ಮಿಲಿಮೀಟರೇ ಅಧಿಕೃತ ಅಳತೆಯಾದ್ದರಿಂದ ಅಲ್ಲಿ ಗೊಂದಲವಿಲ್ಲ. ನಕ್ಷೆಯನ್ನು ಅಡಿಯಲ್ಲಿ ಬರೆದು ಗೋಡೆಯನ್ನು ಮಿಲಿಮೀಟರಿನಲ್ಲಿ ಕಟ್ಟುವಾಗ ಗೊಂದಲವಿದೆ. ಒಂದು ಕಟ್ಟಡಕ್ಕೆ ಒಂದೇ ಬದಿಯನ್ನು ಹಿಡಿದುಕೊಳ್ಳಿ.

ಸೂತ ಎಂದರೆ ಇಂಚಿನ ಎಂಟನೇ ಒಂದು ಭಾಗ. ದಕ್ಷಿಣದ ಕಡೆ ನೂಲು ಎನ್ನುತ್ತಾರೆ. ಟೇಪಿನಲ್ಲಿ ಅದಕ್ಕೆ ಬೇರೆ ಅಕ್ಷರವಿಲ್ಲ. ಇಂಚಿನೊಳಗಿನ ಗೆರೆಗಳಲ್ಲಿ ಎಲ್ಲಕ್ಕಿಂತ ಗಿಡ್ಡವಾದವು ಹದಿನಾರನೇ ಭಾಗದವು, ಅವಕ್ಕಿಂತ ಒಂದು ಮೆಟ್ಟಿಲು ಉದ್ದವಾದ ಗೆರೆಯೇ ಸೂತ. ಹಿರಿಯರು ಮೂರು ಸೂತಿನ ಸರಳು ತಾ ಎಂದರೆ ಅಂಗಡಿಯಲ್ಲಿ 10 ಮಿಲಿಮೀಟರಿನದನ್ನು ಕೇಳಿ, ನಾಲ್ಕು ಸೂತ ಎಂದರೆ 12ರದನ್ನು, ಐದು ಸೂತ ಎಂದರೆ 16ರದನ್ನು. ಸೂತ 3.175 ಮಿಲಿಮೀಟರಾದ್ದರಿಂದ ಯಾವುದೂ ಪೂರ್ತಿ ಹೊಂದುವುದಿಲ್ಲ. ನಾಲ್ಕು ಸೂತಕ್ಕೆ ನಿಜವಾಗಿ 12.7 ಬರಬೇಕು. ಇಂಜಿನಿಯರರ ನಕ್ಷೆಯಲ್ಲಿ ಸರಳಿನ ದಪ್ಪವನ್ನು ಮಿಲಿಮೀಟರಿನಲ್ಲಿ ಬರೆದಿದ್ದರೆ ಆ ಅಂಕಿಯನ್ನೇ ಅಂಗಡಿಯಲ್ಲಿ ಹೇಳಿ.